ಎಲೆಯ ಮೇಲಿನ ದೂಳು: ಲೆಕ್ಕಕ್ಕೆ ಸೇರದ ನಷ್ಟ



ವಾಯುಮಾಲಿನ್ಯ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಮಹಾನಗರದ ಚಿತ್ರ. ವಾಹನಗಳ ಹೊಗೆ, ಕಾರ್ಖಾನೆಯ ಚಿಮಣಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಜನ. ಆ ಚಿತ್ರದಲ್ಲಿ ಗದ್ದೆ ಇರುವುದಿಲ್ಲ, ತೆಂಗಿನ ತೋಟ ಇರುವುದಿಲ್ಲ, ಹಿಪ್ಪುನೇರಳೆಯ ಸಾಲು ಇರುವುದಿಲ್ಲ. ಆದರೆ 1981ರ ವಾಯುಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯ ಎರಡನೆಯ ಸೆಕ್ಷನ್ನನ್ನು ಓದಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ. ಗಾಳಿಯಲ್ಲಿ ಸೇರಿದ ಯಾವ ವಸ್ತುವನ್ನು ಮಾಲಿನ್ಯಕಾರಕ ಎನ್ನಬೇಕು ಎಂದು ವಿವರಿಸುವಾಗ, ಮನುಷ್ಯರಿಗೆ, ಇತರ ಜೀವಿಗಳಿಗೆ, ಸಸ್ಯಗಳಿಗೆ, ಆಸ್ತಿಗೆ ಅಥವಾ ಪರಿಸರಕ್ಕೆ ಹಾನಿ ಮಾಡುವಂಥದ್ದು ಎಂದು ಆ ಕಾಯ್ದೆ ಹೇಳುತ್ತದೆ. ಸಸ್ಯಗಳು ಎಂಬ ಮಾತು ಕಾಯ್ದೆಯಲ್ಲಿ ಸ್ಪಷ್ಟವಾಗಿಯೇ ಇದೆ. ನಾಲ್ಕು ದಶಕ ಕಳೆದರೂ ಆ ಮಾತು ಪುಸ್ತಕದಿಂದ ಹೊಲಕ್ಕೆ ಇಳಿದಿಲ್ಲ. ಇಂದಿನ ಉಪನ್ಯಾಸದ ವಿಷಯ ಅದೇ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಸಾಮಾನ್ಯವಾಗಿ ಯಾರೂ ಕೈಗಾರಿಕಾ ಪ್ರದೇಶ ಎಂದು ಕರೆಯುವುದಿಲ್ಲ. ಮೊದಲೆರಡು ತಾಲ್ಲೂಕುಗಳು ಕಾವೇರಿಯ ನಾಲೆಗಳಿಂದ ಭತ್ತ, ಕಬ್ಬು ಬೆಳೆಯುವ ಸೀಮೆ. ಕೃಷ್ಣರಾಜಪೇಟೆಗೆ ಹೇಮಾವತಿಯ ನೀರಿದೆ, ತೆಂಗಿನ ತೋಟಗಳಿವೆ. ನಾಗಮಂಗಲ ಬಹುಮಟ್ಟಿಗೆ ಮಳೆಯನ್ನೇ ನಂಬಿದ ರಾಗಿ, ಹುರುಳಿಯ ನಾಡು. ಇದೇ ನೆಲದಲ್ಲಿ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಇದೆ, ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಣೆಯಾದ ಮೇಲುಕೋಟೆ ವನ್ಯಧಾಮವಿದೆ, 1981ರಲ್ಲಿ ರೂಪುಗೊಂಡ ಆದಿಚುಂಚನಗಿರಿಯ ಮಯೂರವನವಿದೆ. ಇವೆಲ್ಲದರ ಅಡಿಯಲ್ಲಿರುವುದು ಬಹುಪಾಲು ಗಟ್ಟಿಯಾದ ನೈಸ್ ಮತ್ತು ಗ್ರಾನೈಟ್ ಶಿಲೆ. ಭೂಮಿಯ ಅತಿ ಹಳೆಯ ಬಂಡೆಗಳ ಸಾಲಿಗೆ ಸೇರುವ ಈ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಈ ಬಂಡೆಯೇ ಇಲ್ಲಿ ಕೈಗಾರಿಕೆಯನ್ನು ತಂದದ್ದು. ಬೇಬಿ ಬೆಟ್ಟದ ಸುತ್ತಮುತ್ತ ಬೆಳೆದ ಕಲ್ಲುಗಣಿಗಳು ಮತ್ತು ಜಲ್ಲಿ ಕ್ರಷರುಗಳು ರಾಜ್ಯಕ್ಕೆಲ್ಲ ಪರಿಚಿತವಾದವು. ಒಂದೊಂದು ಕ್ರಷರೂ ಚಿಕ್ಕದಾಗಿ ಕಂಡರೂ ಹತ್ತಾರು ಒಂದೆಡೆ ಸೇರಿದಾಗ ಅದು ಕೈಗಾರಿಕಾ ಪ್ರದೇಶವೇ ಸರಿ. ಹೆಸರು ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಈ ಸೀಮೆಯ ಗಣಿಗಾರಿಕೆ ಸುದ್ದಿಯಾದದ್ದು ಶಬ್ದದ ಮೂಲಕ. 2018ರ ಸೆಪ್ಟೆಂಬರಿನಲ್ಲಿ ಕೃಷ್ಣರಾಜಸಾಗರದ ಸುತ್ತ ಭಾರಿ ಸದ್ದು ಕೇಳಿಬಂದಾಗ, ಅದು ಭೂಕಂಪವಲ್ಲ, ಕಲ್ಲುಗಣಿಯ ಸ್ಫೋಟ ಎಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ವರದಿ ನೀಡಿತು. 1911ರಲ್ಲಿ ಕಟ್ಟಲು ಆರಂಭಿಸಿದ ಸುರ್ಕಿ ಗಾರೆಯ ಅಣೆಕಟ್ಟೆಗೆ ಏನಾದೀತು ಎಂಬ ಆತಂಕ ಹಬ್ಬಿತು. 2022ರಲ್ಲಿ ಪರೀಕ್ಷಾರ್ಥ ಸ್ಫೋಟ ನಡೆಸಲು ಹೊರಟಾಗ ರೈತರು ಅದನ್ನು ಪ್ರತಿಭಟಿಸಿದರು. ಕೊನೆಗೆ 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಅಣೆಕಟ್ಟೆಯ ಸುರಕ್ಷತೆಯನ್ನು ಮುಂದಿಟ್ಟು, ಅದರ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸುವ ಆದೇಶ ಹೊರಡಿಸಿತು.

ಈ ಆದೇಶ ಸ್ವಾಗತಾರ್ಹ. ಆದರೆ ಅದರ ತರ್ಕವನ್ನು ಗಮನಿಸಬೇಕು. ಕಾಪಾಡಬೇಕಾದದ್ದು ಅಣೆಕಟ್ಟೆ, ಅಳೆಯಬೇಕಾದದ್ದು ಕಂಪನ, ಎಳೆಯಬೇಕಾದದ್ದು ಒಂದು ವೃತ್ತ. ನಾಗಮಂಗಲ ತಾಲ್ಲೂಕಿನ ಬಹುಭಾಗವೂ ಕೃಷ್ಣರಾಜಪೇಟೆಯ ಹೆಚ್ಚಿನ ಭಾಗವೂ ಆ ವೃತ್ತದ ಹೊರಗಿವೆ. ವೃತ್ತದ ಒಳಗಾಗಲಿ ಹೊರಗಾಗಲಿ, ಎಲೆಯ ಮೇಲೆ ಕೂತ ದೂಳಿನ ಪ್ರಶ್ನೆ ಯಾವ ತೀರ್ಮಾನಕ್ಕೂ ಆಧಾರವಾಗಿಲ್ಲ. ಸ್ಫೋಟದ ಸದ್ದು ಹತ್ತು ಮೈಲಿಗೆ ಕೇಳಿಸುತ್ತದೆ, ದೂಳು ಬೀಳುವಾಗ ಸದ್ದು ಮಾಡುವುದಿಲ್ಲ. ಅದಕ್ಕಾಗಿ ಅದರ ಮಾತನ್ನು ಯಾರೂ ಕೇಳಿಸಿಕೊಂಡಿಲ್ಲ.

ಮೊದಲಿಗೆ ದೂಳಿನ ಪಯಣವನ್ನು ತಿಳಿಯೋಣ. ಬಂಡೆಗೆ ಕುಳಿ ಕೊರೆಯುವಾಗ, ಸಿಡಿಸುವಾಗ, ದವಡೆಯಂಥ ಯಂತ್ರದಲ್ಲಿ ಅರೆಯುವಾಗ, ಜರಡಿ ಹಿಡಿಯುವಾಗ, ಪಟ್ಟಿಯ ತುದಿಯಿಂದ ರಾಶಿಗೆ ಸುರಿಯುವಾಗ, ಕೊನೆಗೆ ಮಣ್ಣುರಸ್ತೆಯಲ್ಲಿ ಲಾರಿ ಓಡುವಾಗ ಹೀಗೆ ಪ್ರತಿ ಹಂತದಲ್ಲೂ ದೂಳು ಏಳುತ್ತದೆ. ಸಾಧಾರಣ ಗಾಳಿಯಲ್ಲಿ, 100 ಮೈಕ್ರಾನಿಗಿಂತ ದಪ್ಪನೆಯ ಕಣಗಳು ಎದ್ದ ಜಾಗದಿಂದ ಇಪ್ಪತ್ತು ಮೂವತ್ತು ಅಡಿಯೊಳಗೆ ಬಿದ್ದುಬಿಡುತ್ತವೆ. 30ರಿಂದ 100 ಮೈಕ್ರಾನಿನವು ಕೆಲವು ನೂರು ಅಡಿ ದೂರ ಹೋಗಿ ಇಳಿಯುತ್ತವೆ. ಅದಕ್ಕಿಂತ ಸಣ್ಣವು ಗಾಳಿಯ ಸೆಳೆತಕ್ಕೆ ಸಿಕ್ಕಿ ಇನ್ನೂ ದೂರ ತೇಲುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮಳೆಗಾಲದಲ್ಲಿ ನೈಋತ್ಯದಿಂದ ಬೀಸುವ ಗಾಳಿಯೊಂದಿಗೆ ಮಳೆಯೂ ಬರುವುದರಿಂದ ದೂಳು ಅಡಗುತ್ತದೆ, ಎಲೆ ತೊಳೆಯುತ್ತದೆ. ಸುಗ್ಗಿಯ ಹೊತ್ತಿಗೆ ಗಾಳಿ ಮೂಡಣ ದಿಕ್ಕಿಗೆ ತಿರುಗುತ್ತದೆ, ಮಳೆ ನಿಲ್ಲುತ್ತದೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಬಿದ್ದ ದೂಳು ಬಿದ್ದಲ್ಲೇ ಇರುತ್ತದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಈ ಐದು ತಿಂಗಳು ಸಣ್ಣ ಅವಧಿಯಲ್ಲ. ಬೇಬಿ ಬೆಟ್ಟದ ದನಗಳ ಜಾತ್ರೆ ಸೇರುವುದೂ ಈ ಅವಧಿಯಲ್ಲೇ.

ಎಲೆಯ ಮೇಲೆ ದೂಳು ಕೂತರೆ ನಾಲ್ಕು ಬಗೆಯ ತೊಂದರೆಗಳಾಗುತ್ತವೆ. ಒಂದು, ಬೆಳಕು ಎಲೆಯ ಹಸಿರಿಗೆ ತಲುಪುವುದು ಕಡಿಮೆಯಾಗಿ ದ್ಯುತಿಸಂಶ್ಲೇಷಣೆ, ಅಂದರೆ ಎಲೆಯ ಅಡುಗೆ, ಕುಂದುತ್ತದೆ. ಎರಡು, ದೂಳಿನ ಪದರ ಬಿಸಿಲಿನ ಶಾಖವನ್ನು ಹೀರಿ ಎಲೆಯ ಉಷ್ಣತೆಯನ್ನು ಏರಿಸುತ್ತದೆ, ಇದರಿಂದ ನೀರಿನ ಬೇಡಿಕೆ ಹೆಚ್ಚುತ್ತದೆ. ಮೂರು, ಕೆಲವೇ ಮೈಕ್ರಾನ್ ಅಗಲಕ್ಕೆ ತೆರೆದುಕೊಳ್ಳುವ ಪತ್ರರಂಧ್ರಗಳಲ್ಲಿ ಸಣ್ಣ ಕಣಗಳು ಸಿಕ್ಕಿಕೊಳ್ಳುತ್ತವೆ. ರಂಧ್ರ ಮುಚ್ಚಿಹೋದರೆ ಗಾಳಿಯ ಇಂಗಾಲ ಒಳಕ್ಕೆ ಹೋಗದು. ಕಣ ಬೆಣೆಯಂತೆ ನಿಂತು ರಂಧ್ರ ಮುಚ್ಚದೇ ಉಳಿದರೆ ರಾತ್ರಿಯೂ ನೀರು ಆವಿಯಾಗುತ್ತಲೇ ಇರುತ್ತದೆ. ನಾಲ್ಕು, ಹೂವಿನ ಶಲಾಕೆಯ ತುದಿಯಲ್ಲಿ ದೂಳು ಕೂತರೆ ಪರಾಗ ಮೊಳೆಯಲು ಅಡ್ಡಿಯಾಗುತ್ತದೆ.

ಎಲ್ಲ ಬೆಳೆಗಳಿಗೂ ಪೆಟ್ಟು ಒಂದೇ ಸಮ ಬೀಳುವುದಿಲ್ಲ. ಹಿಪ್ಪುನೇರಳೆಯ ಪತ್ರರಂಧ್ರಗಳು ಎಲೆಯ ತಳಭಾಗದಲ್ಲಿವೆ. ಆದ್ದರಿಂದ ಮೇಲೆ ಬಿದ್ದ ದೂಳು ಅವನ್ನು ನೇರವಾಗಿ ಮುಚ್ಚುವುದು ಕಡಿಮೆ. ಭತ್ತ, ರಾಗಿ, ಕಬ್ಬು ಹುಲ್ಲಿನ ಜಾತಿಯವು. ಅವುಗಳ ಎಲೆಯ ಎರಡೂ ಬದಿಗಳಲ್ಲಿ ರಂಧ್ರಗಳಿವೆ. ಗ್ರಾನೈಟಿನ ದೂಳು ಸಿಮೆಂಟು ಇಲ್ಲವೆ ಸುಣ್ಣಕಲ್ಲಿನ ದೂಳಿನಷ್ಟು ಕ್ಷಾರವಲ್ಲ, ಎಲೆಯನ್ನು ಸುಡುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅದರ ಹಾನಿ ನಿಧಾನದ್ದು. ಬೆಳೆ ಒಣಗಿ ನಿಲ್ಲುವುದಿಲ್ಲ, ಕಾಳು ಸ್ವಲ್ಪ ಜೊಳ್ಳಾಗುತ್ತದೆ, ಕಬ್ಬು ಸ್ವಲ್ಪ ಹಗುರಾಗುತ್ತದೆ. ಇಂಥ ನಷ್ಟವನ್ನು ರೈತ ಬೀಜಕ್ಕೋ ಗೊಬ್ಬರಕ್ಕೋ ತನ್ನ ಹಣೆಬರಹಕ್ಕೋ ಆರೋಪಿಸಿ ಸುಮ್ಮನಾಗುತ್ತಾನೆ.

ಆದರೆ ರೇಷ್ಮೆ ಬೆಳೆಗಾರ ಸುಮ್ಮನಾಗುವಂತಿಲ್ಲ. ಹಿಪ್ಪುನೇರಳೆಯಲ್ಲಿ ಎಲೆಯೇ ಫಸಲು. ದೂಳು ಕೂತ ಸೊಪ್ಪನ್ನು ಹುಳು ಮನಸಾರೆ ಮೇಯುವುದಿಲ್ಲ. ತೊಳೆದು ಹಾಕೋಣವೆಂದರೆ, ನೀರಾರದ ಸೊಪ್ಪಿನಿಂದ ಹಾಸಿಗೆಯ ತೇವ ಹೆಚ್ಚಿ ಸಪ್ಪೆ ರೋಗಕ್ಕೂ ಸುಣ್ಣಕಟ್ಟು ರೋಗಕ್ಕೂ ದಾರಿಯಾಗುತ್ತದೆ. ಕೊನೆಯ ಜ್ವರ ಎದ್ದ ಮೇಲೆ ಹುಳು ತಿನ್ನುವ ಸೊಪ್ಪೇ ಒಟ್ಟು ಆಹಾರದ ಬಹುಭಾಗ. ಆ ಏಳೆಂಟು ದಿನಗಳಲ್ಲಿ ಸೊಪ್ಪು ಕೆಟ್ಟರೆ ಗೂಡು ಹಗುರಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಹರಾಜಿನ ಕಟ್ಟೆಯಲ್ಲಿ ಗೂಡಿನ ಗುಣಮಟ್ಟ ಕೇಳುತ್ತಾರೆಯೇ ಹೊರತು, ತೋಟದಿಂದ ಕ್ರಷರು ಎಷ್ಟು ದೂರ ಎಂದು ಯಾರೂ ಕೇಳುವುದಿಲ್ಲ.

ದೂಳಿನ ಇನ್ನೊಂದು ಪರಿಣಾಮ ಕೀಟಗಳ ಮೂಲಕ ಬರುತ್ತದೆ. ದೂಳು ತುಂಬಿದ ಗಿಡಗಳಲ್ಲಿ ಜೇಡನುಸಿಗಳು ಹೆಚ್ಚುತ್ತವೆ, ಏಕೆಂದರೆ ಅವುಗಳನ್ನು ತಿಂದು ಹತೋಟಿಯಲ್ಲಿಡುವ ಪರಭಕ್ಷಕ ಕೀಟಗಳಿಗೂ ಪರಭಕ್ಷಕ ನುಸಿಗಳಿಗೂ ದೂಳಿನಲ್ಲಿ ಓಡಾಡುವುದು, ಬೇಟೆ ಹುಡುಕುವುದು ಕಷ್ಟ. ಮಣ್ಣುರಸ್ತೆಯ ಅಂಚಿನ ಬದನೆ, ಬೆಂಡೆ ಗಿಡಗಳಲ್ಲಿ ನುಸಿ ಹೆಚ್ಚು ಕಾಣುವುದು ಇದೇ ಕಾರಣಕ್ಕೆ. ರೈತ ನುಸಿಗೆ ಔಷಧಿ ಹೊಡೆಯುತ್ತಾನೆ, ಖರ್ಚು ಅವನ ಲೆಕ್ಕಕ್ಕೆ ಬೀಳುತ್ತದೆ. ಮೇವಿನ ಕಥೆಯೂ ಹೀಗೆಯೇ. ಕಲ್ಲುಪುಡಿ ಬೆರೆತ ರಾಗಿಹುಲ್ಲನ್ನು ದನಗಳು ಕೊಡವಿ ಕೊಡವಿ ತಿನ್ನುತ್ತವೆ, ಅರ್ಧ ಬಿಡುತ್ತವೆ.

ಮನುಷ್ಯರ ಮಾತನ್ನು ಮರೆಯುವಂತಿಲ್ಲ. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ ಗಣನೀಯ. ಅದರ ಅತಿ ಸಣ್ಣ ಪುಡಿ ವರ್ಷಗಟ್ಟಲೆ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಅದು ಕ್ಷಯಕ್ಕೂ ದಾರಿ ಮಾಡುತ್ತದೆ. ಕಾನೂನಿನ ಪ್ರಕಾರ ಅದು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಕ್ರಷರಿನಲ್ಲಿ ದುಡಿಯುವವರು ಬಹುಪಾಲು ದಿನಗೂಲಿಗಳು, ಕೆಲವರು ಹೊರರಾಜ್ಯಗಳಿಂದ ಬಂದವರು. ಕಾಯಿಲೆ ಕಾಣಿಸಿಕೊಳ್ಳುವ ಹೊತ್ತಿಗೆ ಅವರು ಊರು ಬಿಟ್ಟಿರುತ್ತಾರೆ. ಹೀಗಾಗಿ ಎಲೆಯ ನಷ್ಟದಂತೆ ಎದೆಯ ನಷ್ಟವೂ ಜಿಲ್ಲೆಯ ಲೆಕ್ಕಕ್ಕೆ ಸೇರುವುದಿಲ್ಲ.

ಹಾಗಾದರೆ ಲೆಕ್ಕದಲ್ಲಿ ಇರುವುದೇನು? ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ, ಕ್ರಷರಿನ ಯಂತ್ರದಿಂದ 3ರಿಂದ 10 ಮೀಟರ್ ಅಂತರದಲ್ಲಿ ಅಳೆದಾಗ ಒಂದು ಘನಮೀಟರ್ ಗಾಳಿಯಲ್ಲಿ ತೇಲುಕಣಗಳು 600 ಮೈಕ್ರೋಗ್ರಾಂ ಮೀರಕೂಡದು. ದೂಳು ಹಿಡಿದಿಡುವ ಮತ್ತು ಅಡಗಿಸುವ ವ್ಯವಸ್ಥೆ, ಗಾಳಿತಡೆ ಗೋಡೆ, ಆವರಣದೊಳಗೆ ಗಟ್ಟಿರಸ್ತೆ, ನೆಲಕ್ಕೆ ನೀರು ಚಿಮುಕಿಸುವುದು, ಅಂಚಿನಲ್ಲಿ ಹಸಿರುಪಟ್ಟಿ ಇವೆಲ್ಲ ಕಡ್ಡಾಯ. 2009ರ ರಾಷ್ಟ್ರೀಯ ವಾಯುಗುಣಮಟ್ಟದ ಮಾನಕದಲ್ಲಿ ಹನ್ನೆರಡು ಮಾಲಿನ್ಯಕಾರಕಗಳಿವೆ. 10 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ದಿನದ ಮಿತಿ 100 ಮೈಕ್ರೋಗ್ರಾಂ, ವರ್ಷದ ಸರಾಸರಿ ಮಿತಿ 60. ಅದೇ ಪಟ್ಟಿಯಲ್ಲಿ ಗಂಧಕದ ಡೈಆಕ್ಸೈಡಿಗೆ ಸಾಮಾನ್ಯ ಪ್ರದೇಶದಲ್ಲಿ ವಾರ್ಷಿಕ 50, ಪರಿಸರಸೂಕ್ಷ್ಮ ಪ್ರದೇಶದಲ್ಲಿ 20 ಎಂಬ ಭೇದವಿದೆ. ಕಣಗಳಿಗೆ ಮಾತ್ರ ಆ ಭೇದವಿಲ್ಲ. ರಂಗನತಿಟ್ಟಿಗೂ ಕೈಗಾರಿಕಾ ಬಡಾವಣೆಗೂ ಒಂದೇ ಅಂಕಿ.

ಇದಕ್ಕಿಂತ ದೊಡ್ಡ ಕೊರತೆ ಮತ್ತೊಂದಿದೆ. ಈ ಮಾನಕಗಳೆಲ್ಲ ತೇಲುವ ದೂಳನ್ನು ಅಳೆಯುತ್ತವೆ, ಏಕೆಂದರೆ ಮನುಷ್ಯ ಉಸಿರಾಡುವುದು ಅದನ್ನೇ. ಎಲೆಗೆ ಹಾನಿ ಮಾಡುವುದು ಬಿದ್ದ ದೂಳು. 10 ಮೈಕ್ರಾನಿಗಿಂತ ದಪ್ಪನೆಯ, ಬೇಗ ಇಳಿಯುವ ಕಣಗಳು ಆ ಹನ್ನೆರಡರಲ್ಲಿ ಇಲ್ಲವೇ ಇಲ್ಲ. ಜರ್ಮನಿಯ ನಿಯಮದಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ 350 ಮಿಲಿಗ್ರಾಂ ದೂಳು ಬೀಳುವುದೇ ಮಿತಿ ಎಂದು ನಿಗದಿಯಾಗಿದೆ. ಅಂಥದೊಂದು ಅಂಕಿ ಇಲ್ಲಿನ ಪಟ್ಟಿಯಲ್ಲಿಲ್ಲ. ಆದ್ದರಿಂದ ದೂರು ಕೊಟ್ಟ ರೈತನಿಗೆ, ಗಾಳಿ ಮಿತಿಯೊಳಗಿದೆ ಎಂಬ ಉತ್ತರ ಸಿಕ್ಕರೆ ಆ ಉತ್ತರ ಸುಳ್ಳಾಗಿರಬೇಕೆಂದಿಲ್ಲ. ಪ್ರಶ್ನೆಯೇ ಬೇರೆ. ಬೆಳೆವಿಮೆಯೂ ನೆರವಿಗೆ ಬರದು. ಅದು ಬರ, ನೆರೆ, ಆಲಿಕಲ್ಲು, ಕೀಟ, ರೋಗಗಳಂಥ ತಡೆಯಲಾಗದ ಆಪತ್ತುಗಳಿಗೆ ಮಾತ್ರ.

ಗಾಳಿಯನ್ನು ಕೆಡಿಸುವುದರಲ್ಲಿ ಬೇಸಾಯಗಾರರ ಪಾಲೂ ಇದೆ. ಕಬ್ಬು ಕಡಿದ ಮೇಲೆ ಹೆಕ್ಟೇರಿಗೆ ಎಂಟು ಹತ್ತು ಟನ್ ತರಗು ಉಳಿಯುತ್ತದೆ. ಅದಕ್ಕೆ ಬೆಂಕಿ ಇಟ್ಟರೆ ಮಣ್ಣಿಗೆ ಸೇರಬೇಕಾದ ಸಾವಯವ ವಸ್ತುವೂ ಸಾರಜನಕವೂ ಹೊಗೆಯಾಗಿ ಹೋಗುತ್ತವೆ. ಕೂಳೆಯ ಸಾಲಿನ ನಡುವೆ ಅದನ್ನೇ ಹಾಸಿದರೆ ತೇವ ಉಳಿಯುತ್ತದೆ, ಕಳೆ ಅಡಗುತ್ತದೆ. ಆಲೆಮನೆಯ ಒಲೆಗೆ ಸಿಪ್ಪೆಯ ಬದಲು ಹಳೆಯ ಟೈರು, ಪ್ಲಾಸ್ಟಿಕ್ ಹಾಕುವುದಂತೂ ಬೆಲ್ಲಕ್ಕೂ ಊರಿಗೂ ವಿಷ. ಕ್ರಷರಿನ ವಿರುದ್ಧ ಅರ್ಜಿ ಹಿಡಿದ ಕೈ ತನ್ನ ಹೊಲಕ್ಕೆ ಕಡ್ಡಿ ಗೀರಿದರೆ ಅರ್ಜಿಯ ತೂಕ ಇಳಿಯುತ್ತದೆ.

ಪರಿಸರ ಚಳವಳಿಯೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನದಿಯ ಮರಳನ್ನು ಉಳಿಸಬೇಕೆಂಬ ಹೋರಾಟ ನ್ಯಾಯವಾದದ್ದೇ. ಆದರೆ ಮರಳಿನ ಬೇಡಿಕೆ ಕಡಿಮೆಯಾಗಲಿಲ್ಲ, ಬಂಡೆಯನ್ನು ಅರೆದು ಮಾಡುವ ಎಂ-ಸ್ಯಾಂಡಿಗೆ ವರ್ಗವಾಯಿತು. ಜಲ್ಲಿಗಿಂತ ಮರಳನ್ನು ಸಣ್ಣಗೆ ಅರೆಯಬೇಕು, ಸಣ್ಣಗೆ ಅರೆದಷ್ಟೂ ದೂಳು ಹೆಚ್ಚು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಗೂ, ನಗರದ ಬಹುಮಹಡಿಗಳಿಗೂ, ಮಲೆನಾಡಿನ ತಿರುವು ರಸ್ತೆಗಳಿಗೂ ಜಲ್ಲಿ ಎಲ್ಲಿಂದಲೋ ಬರಲೇಬೇಕು. ನದಿ ಉಳಿಯಿತು ಎಂದು ಸಮಾಧಾನಪಡುವವರು ಬೆಟ್ಟ ಹೋಯಿತು ಎಂಬುದನ್ನೂ ಅದೇ ಪುಟದಲ್ಲಿ ಬರೆದಿಡಬೇಕಾಗುತ್ತದೆ.

ಇನ್ನು ಮಾಡಬಹುದಾದ ಕೆಲಸ. ಮೊದಲನೆಯದು ಅಳತೆ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಒಂದೇ ಬೆಳೆ, ಒಂದೇ ತಳಿ, ಒಂದೇ ವಯಸ್ಸಿನ ಹೊಲಗಳನ್ನು ಆರಿಸಬೇಕು. ಕ್ರಷರಿನಿಂದ ಗಾಳಿ ಬೀಸುವ ದಿಕ್ಕಿನಲ್ಲಿ 100, 300 ಮತ್ತು 1,000 ಮೀಟರ್ ದೂರದಲ್ಲಿ, ಜೊತೆಗೆ ಎದುರು ದಿಕ್ಕಿನಲ್ಲಿ ಒಂದು ಕಡೆ, ಮಳೆಯಿಲ್ಲದ ಹತ್ತು ದಿನಗಳ ನಂತರ, ಕುಡಿಯಿಂದ ಐದನೆಯ ಎಲೆಯನ್ನೇ ಇಪ್ಪತ್ತು ಗಿಡಗಳಿಂದ ಕೀಳಬೇಕು. ಶುದ್ಧೀಕರಿಸಿದ ನೀರಿನಲ್ಲಿ ಮೃದುವಾದ ಕುಂಚದಿಂದ ತೊಳೆದು, ಆ ನೀರನ್ನು ಮೊದಲೇ ಒಣಗಿಸಿ ತೂಗಿದ ಶೋಧಕ ಕಾಗದದಲ್ಲಿ ಸೋಸಿ, ಒಣಗಿಸಿ, ಮತ್ತೆ ತೂಗಬೇಕು. ಎಲೆಯನ್ನು ಗ್ರಾಫ್ ಹಾಳೆಯ ಮೇಲಿಟ್ಟು ಗೆರೆ ಎಳೆದರೆ ವಿಸ್ತೀರ್ಣ ಸಿಗುತ್ತದೆ. ಮಿಲಿಗ್ರಾಂ ತೂಗುವ ತಕ್ಕಡಿ ವಿಜ್ಞಾನ ಕಾಲೇಜುಗಳಲ್ಲಿ ಇರುತ್ತದೆ. ಕೊಯ್ಲಿನಲ್ಲಿ ಅದೇ ಹೊಲಗಳಲ್ಲಿ, ಸರ್ಕಾರದ ಬೆಳೆ ಕಟಾವು ಪ್ರಯೋಗದಂತೆಯೇ, 5 ಮೀಟರ್ ಉದ್ದ 5 ಮೀಟರ್ ಅಗಲದ ತಾಕಿನ ಇಳುವರಿ ತೂಗಬೇಕು. ನೀರು, ಗೊಬ್ಬರ, ಬಿತ್ತಿದ ದಿನ ಇವನ್ನು ಬರೆದಿಡದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಒಂದು ವರ್ಷದ ಅಂಕಿ ಸಾಲದು, ಮೂರು ವರ್ಷ ಬೇಕು. ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಈ ನಾಲ್ಕು ತಾಲ್ಲೂಕುಗಳಿಗೆ ಹತ್ತಿರದಲ್ಲೇ ಇದೆ. ಕೃಷಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ಪ್ರಬಂಧದ ವಿಷಯ ವಿರಳ.

ಎರಡನೆಯದು ಹಸಿರುಪಟ್ಟಿ. ಬೇಲಿಯಂಚಿಗೆ ಒಂದು ಸಾಲು ಹೊಂಗೆ ನೆಟ್ಟು ನಿಯಮ ಪಾಲಿಸಿದೆವೆನ್ನುವ ರೂಢಿ ಸಾಲದು. ಹೊಂಗೆಯೂ ಬೇವೂ ಯುಗಾದಿಯ ಮುಂಚೆ ಎಲೆ ಉದುರಿಸುತ್ತವೆ, ದೂಳು ಅತಿ ಹೆಚ್ಚಿರುವುದೂ ಆಗಲೇ. ಬೇರೆ ಬೇರೆ ಕಾಲಕ್ಕೆ ಚಿಗುರುವ, ಒರಟು ಎಲೆಯ, ಎತ್ತರದಲ್ಲಿ ಏರಿಳಿತವಿರುವ ಮರ, ಗಿಡ, ಬಿದಿರುಗಳ ಮೂರು ನಾಲ್ಕು ಸಾಲುಗಳಿದ್ದರೆ ಮಾತ್ರ ದೂಳು ನಿಲ್ಲುತ್ತದೆ.

ಮೂರನೆಯದು ಹಕ್ಕೊತ್ತಾಯ. ರಾಜ್ಯದಲ್ಲಿ 2011ರ ಕಲ್ಲು ಕ್ರಷರ್ ನಿಯಂತ್ರಣ ಕಾಯ್ದೆ ಸುರಕ್ಷಿತ ವಲಯ ಎಂಬ ಕಲ್ಪನೆಯನ್ನು ತಂದಿತು. ಸುರಕ್ಷತೆಯನ್ನು ರಸ್ತೆಯಿಂದ, ಊರಿನಿಂದ ಎಷ್ಟು ದೂರ ಎಂದಷ್ಟೇ ಅಳೆಯದೆ, ನೀರಾವರಿ ಬೆಳೆಯಿಂದ, ಹಿಪ್ಪುನೇರಳೆ ತೋಟದಿಂದ, ಗಾಳಿಯ ದಿಕ್ಕಿನಲ್ಲಿ ಎಷ್ಟು ದೂರ ಎಂದು ಅಳೆಯಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಬಹುದು. ಬೀಳುವ ದೂಳಿಗೆ ಮಿತಿ ಗೊತ್ತುಮಾಡುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬಹುದು. 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಉದ್ದೇಶವೇ ಗಣಿಯಿಂದ ಬಾಧಿತರಾದ ಜನರ ಮತ್ತು ಪ್ರದೇಶಗಳ ಹಿತ. ಆರೋಗ್ಯವೂ ಮಾಲಿನ್ಯ ನಿಯಂತ್ರಣವೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ಬಾಧಿತರ ಪಟ್ಟಿಯಲ್ಲಿ ದೂಳು ಬಿದ್ದ ಹೊಲದ ಒಡೆಯನ ಹೆಸರಿದೆಯೇ ಎಂದು ಕೇಳುವ ಹಕ್ಕು ಪ್ರತಿ ಗ್ರಾಮಸ್ಥನಿಗೂ ಇದೆ.

ಬಂಧುಗಳೇ, ಬೆಟ್ಟಸೀಮೆಯವರಿಗೆ ಬಯಲಿನ ಈ ಮಾತು ಏಕೆ ಎಂದು ಕೆಲವರಿಗೆ ಅನಿಸಬಹುದು. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ, ಮೂಡಿಗೆರೆಯ ಬೆಟ್ಟಗಳಿಂದ ಇಳಿದ ಹೇಮಾವತಿ ಈ ನಾಲ್ಕು ತಾಲ್ಲೂಕುಗಳ ಗದ್ದೆ ತೋಟಗಳಲ್ಲಿ ಫಸಲಾಗುತ್ತವೆ. ಮೇಲಿನ ಕಾಡನ್ನು ಕಾಯ್ದು ಇಳಿಸಿದ ನೀರನ್ನು ಕೆಳಗಿನ ಪೈರು ದೂಳು ಹೊತ್ತ ಎಲೆಯಿಂದ ಪೂರ್ತಿ ಬಳಸಿಕೊಳ್ಳಲಾರದೆ ಹೋದರೆ ಆ ನಷ್ಟದಲ್ಲಿ ಬೆಟ್ಟದ ಪಾಲೂ ಇದೆ. ಸಸ್ಯಗಳಿಗೆ ಹಾನಿ ಎಂಬ ಮಾತು 1981ರಿಂದಲೂ ಕಾಯ್ದೆಯಲ್ಲಿ ಕಾದಿದೆ. ಅದಕ್ಕೆ ಅಂಕಿ ಒದಗಿಸುವ ಕೆಲಸ ಇನ್ನೂ ಬಾಕಿಯಿದೆ. ಬರುವ ಸುಗ್ಗಿಯಲ್ಲಿ ಪ್ರತಿ ಊರಿನಿಂದ ಇಪ್ಪತ್ತು ಎಲೆ ತೊಳೆದರೆ ಆ ಕೆಲಸ ಆರಂಭವಾಗುತ್ತದೆ.